ಅಟ್ಟಿಯ ಬುಡವನ್ನು ಕತ್ತರಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ವಾಣಿಜ್ಯ ಪುಟಗಳಲ್ಲಿಯೂ ವಾರದ ಪುರವಣಿಗಳಲ್ಲಿಯೂ ಮತ್ತೆ ಮತ್ತೆ ಅಚ್ಚಾಗುವ ಒಂದು ಬಗೆಯ ಛಾಯಾಚಿತ್ರದ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಪೇರಿಸಿಟ್ಟ ಉಕ್ಕಿನ ಕೊಳವೆಗಳು, ಒಂದರ ಮೇಲೊಂದು ಕೂತ ಕಂಟೇನರುಗಳು, ಟೈರುಗಳ ಗುಡ್ಡೆ, ಇಟ್ಟಿಗೆಯ ಅಟ್ಟಿ, ಒಂದರೊಳಗೊಂದು ಸಿಕ್ಕಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಹೀಗೆ ಉತ್ಪಾದನೆಯ ಬಗ್ಗೆ ಬರೆದರೂ, ರಫ್ತಿನ ಬಗ್ಗೆ ಬರೆದರೂ, ತ್ಯಾಜ್ಯದ ಬಗ್ಗೆ ಬರೆದರೂ ಲೇಖನದ ನೆತ್ತಿಯ ಮೇಲೆ ಇಂಥದೊಂದು ಚಿತ್ರ ಇದ್ದೇ ಇರುತ್ತದೆ. ಚಿತ್ರದ ನಾಲ್ಕೂ ಅಂಚಿನವರೆಗೆ ವಸ್ತುಗಳೇ ತುಂಬಿರುತ್ತವೆ. ಅಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು, ಯಾವುದರ ಮೇಲೆ ನಿಂತಿದೆ ಎಂಬುದು ಕಾಣುವುದಿಲ್ಲ. ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂಬ ಎರಡು ಪದಗಳಿರುತ್ತವೆ.

ನನ್ನ ವಿನಂತಿ ಚಿಕ್ಕದು. ಅಟ್ಟಿಯ ಚಿತ್ರವನ್ನು ಪುಟಕ್ಕೆ ಹೊಂದಿಸುವಾಗ ಅದರ ಬುಡವನ್ನು ಕತ್ತರಿಸಬೇಡಿ. ಅದು ಏನು, ಎಷ್ಟು, ಎಲ್ಲಿಯದು, ಯಾವಾಗಿನದು ಎಂದು ತಿಳಿಸುವ ಒಂದು ಸಾಲನ್ನು ಕೆಳಗೆ ಕೊಡಿ. ವಿನಂತಿ ಚಿಕ್ಕದಾದರೂ ಕಾರಣಗಳನ್ನು ಹೇಳಲು ಸ್ವಲ್ಪ ಜಾಗ ಬೇಕಾಗುತ್ತದೆ, ದಯವಿಟ್ಟು ಅವಕಾಶ ಕೊಡಬೇಕು.

ಇದನ್ನು ಬರೆಯಲು ಹಚ್ಚಿದ್ದು ನನ್ನದೇ ಅನುಭವ. ಹಲವು ವರ್ಷಗಳಿಂದ ನಾನು ಬಿಡುವಿನ ವೇಳೆಯಲ್ಲಿ ಪೇರಿಸಿಟ್ಟ ವಸ್ತುಗಳ ಚಿತ್ರ ತೆಗೆಯುತ್ತಾ ಬಂದಿದ್ದೇನೆ. ಒಮ್ಮೆ ಕಾರ್ಖಾನೆಯೊಂದರ ಹಿಂಬದಿಯ ಅಂಗಳದಲ್ಲಿ, ಅಲ್ಲಿನವರ ಅನುಮತಿ ಪಡೆದು, ಸತುವಿನ ಲೇಪವಿರುವ ಕೊಳವೆಗಳ ಅಟ್ಟಿಯೊಂದನ್ನು ತೆಗೆದೆ. ಬೇಡಿಕೆ ಸಲ್ಲಿಸಿದ್ದವರು ಹಿಂದೆ ಸರಿದದ್ದರಿಂದ ಆ ಕೊಳವೆಗಳು ಎರಡು ಮಳೆಗಾಲಗಳನ್ನು ಅಲ್ಲಿಯೇ ಕಳೆದಿದ್ದವು. ಕೆಳಸಾಲಿನ ಕೊಳವೆಗಳ ಬಾಯಿಯವರೆಗೆ ಹುಲ್ಲು ಬೆಳೆದಿತ್ತು. ಮಳೆಹನಿ ನೆಲಕ್ಕೆ ಬಡಿದು ಸಿಡಿದ ಕೆಸರು ಒಂದು ಗೇಣಿನ ಎತ್ತರಕ್ಕೆ ಒಣಗಿ ಅಂಟಿಕೊಂಡಿತ್ತು. ಈ ವಿವರವನ್ನೆಲ್ಲ ಬರೆದು ಚಿತ್ರವನ್ನು ಒಂದು ಪತ್ರಿಕೆಗೆ ಕಳುಹಿಸಿದೆ. ಕೆಲವು ತಿಂಗಳ ಮೇಲೆ, ತಯಾರಿಕಾ ವಲಯ ಚೇತರಿಸಿಕೊಳ್ಳುತ್ತಿದೆ ಎಂಬ ವರದಿಯ ಜೊತೆಗೆ ಅದು ಅಚ್ಚಾಯಿತು. ಪುಟದ ಅಳತೆಗೆ ಕೂರಿಸಲು ಕೆಳಗಿನ ಎರಡು ಸಾಲನ್ನು ತೆಗೆದಿದ್ದರು. ಹುಲ್ಲೂ ಹೋಯಿತು, ಕೆಸರೂ ಹೋಯಿತು, ಹೊಳೆಯುವ ವೃತ್ತಗಳ ಜೇನುಗೂಡು ಮಾತ್ರ ಉಳಿಯಿತು. ಕೊಳ್ಳುವವರಿಲ್ಲದೆ ಬಿದ್ದಿದ್ದ ಸರಕು, ಎರಡಂಗುಲ ಕತ್ತರಿ ಆಡಿದ್ದರಿಂದ, ಭರಾಟೆಯ ಉತ್ಪಾದನೆಗೆ ಸಾಕ್ಷಿಯಾಗಿ ನಿಂತಿತು. ಯಾರೂ ಸುಳ್ಳು ಹೇಳಬೇಕೆಂದು ಹೊರಟವರಲ್ಲ, ಅದನ್ನು ನಾನು ಬಲ್ಲೆ. ಚಿತ್ರವನ್ನು ಕತ್ತರಿಸಿದವರಿಗೆ ಆ ಎರಡು ಸಾಲುಗಳು ಉಳಿದ ಸಾಲುಗಳಂತೆಯೇ ಕಂಡಿರಬೇಕು. ಹಾಗೆ ಕಾಣುವುದೇ ತೊಂದರೆಯ ಮೂಲ.

ರಾಶಿಯೇ ಬೇರೆ, ಅಟ್ಟಿಯೇ ಬೇರೆ ಎಂಬುದನ್ನು ನಮ್ಮ ಮಾತೇ ಹೇಳಿಕೊಡುತ್ತದೆ. ರಾಶಿಯನ್ನು ಸುರಿಯುತ್ತೇವೆ, ಬಣವೆಯನ್ನು ಒಟ್ಟುತ್ತೇವೆ, ಅಟ್ಟಿಯನ್ನು ಪೇರಿಸುತ್ತೇವೆ. ಸುರಿದದ್ದು ತನ್ನಷ್ಟಕ್ಕೆ ತಾನೇ ಒಂದು ಆಕಾರಕ್ಕೆ ಬರುತ್ತದೆ: ಒಣ ಮರಳನ್ನು ಯಾರೇ ಸುರಿಯಲಿ, ಎಷ್ಟೇ ಸುರಿಯಲಿ, ಅದರ ಇಳಿಜಾರು ಸುಮಾರು 30ರಿಂದ 35 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಅದನ್ನು ತೀರ್ಮಾನಿಸುವುದು ಕಣಕಣಗಳ ನಡುವಿನ ತಿಕ್ಕಾಟ. ಪೇರಿಸಿದ್ದರ ಹಿಂದೆ ಒಬ್ಬರ ಕೈ ಇರುತ್ತದೆ, ಯೋಚನೆ ಇರುತ್ತದೆ. ಇಟ್ಟಿಗೆ ಪೇರಿಸುವವರು ಒಂದು ವರಸೆಯನ್ನು ಉದ್ದಕ್ಕೂ ಮುಂದಿನದನ್ನು ಅಡ್ಡಕ್ಕೂ ಇಟ್ಟು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಮಾಡುತ್ತಾರೆ. ಹಸಿ ಹಲಗೆಗಳನ್ನು ಪೇರಿಸುವವರು ಪ್ರತಿ ಸಾಲಿನ ನಡುವೆ ತೆಳುವಾದ ಪಟ್ಟಿಗಳನ್ನು, ಅದೂ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಬರುವಂತೆ, ಇಡುತ್ತಾರೆ. ಗಾಳಿಯಾಡಲು ಪಟ್ಟಿ ಬೇಕು, ಹಲಗೆ ಬಾಗದಿರಲು ಅದು ನೇರಕ್ಕಿರಬೇಕು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಇಡುತ್ತಾ ಹೋದರೆ ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ, ಆದ್ದರಿಂದ ಎತ್ತರದ ಅಟ್ಟಿ ಮುಂದಕ್ಕೆ ಬಾಗಿ ನಿಲ್ಲುತ್ತದೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಆ ಬಾಗು ಬಿಲ್ಲಿನಂತೆ ಕಾಣುತ್ತದೆ, ಎದುರಿನಿಂದ ತೆಗೆದರೆ ಕಾಣುವುದೇ ಇಲ್ಲ.

ಇದಕ್ಕೆ ಬೇರೆಲ್ಲಿಯೂ ಹೋಗಬೇಕಾಗಿಲ್ಲ, ಪತ್ರಿಕೆಯ ಕಟ್ಟನ್ನೇ ನೋಡಬಹುದು. ಮಡಿಸಿದ ಪತ್ರಿಕೆಯ ಮಡಿಕೆಯ ಕಡೆ ದಪ್ಪ, ತೆರೆದ ಕಡೆ ತೆಳು. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಕಟ್ಟು ಒಂದು ಕಡೆ ವಾಲುತ್ತದೆ. ಅದಕ್ಕಾಗಿ ಮುದ್ರಣಾಲಯದ ಯಂತ್ರವಾಗಲಿ, ಕಟ್ಟು ಕಟ್ಟುವ ಕೈಯಾಗಲಿ, ಇಷ್ಟಿಷ್ಟು ಪ್ರತಿಗಳಿಗೊಮ್ಮೆ ದಿಕ್ಕು ತಿರುಗಿಸಿ ಇಡುತ್ತದೆ. ಕಟ್ಟನ್ನು ಪಕ್ಕದಿಂದ ನೋಡಿದರೆ ದುಂಡನೆಯ ಮಡಿಕೆಗಳ ಒಂದು ಪಟ್ಟೆ, ಗರಿಗರಿ ಅಂಚುಗಳ ಒಂದು ಪಟ್ಟೆ, ಮತ್ತೆ ಮಡಿಕೆಗಳ ಪಟ್ಟೆ ಕಾಣುತ್ತದೆ. ಈ ಪಟ್ಟೆಗಳನ್ನು ಯಾರೂ ಅಂದಕ್ಕಾಗಿ ಮಾಡಿದ್ದಲ್ಲ. ಆದರೆ ಕ್ಯಾಮೆರಾದ ಮುಂದೆ ಅವು ಅಂದವಾಗಿಯೇ ಬರುತ್ತವೆ, ಮತ್ತು ಆ ಅಂದಕ್ಕೆ ಕಾರಣ ಭಾರವನ್ನು ಸಮ ಮಾಡಬೇಕೆಂಬ ಅಗತ್ಯ. ಅಟ್ಟಿಯ ಚಿತ್ರ ನನ್ನನ್ನು ಹಿಡಿದಿಟ್ಟಿರುವುದು ಇದೇ ಕಾರಣಕ್ಕೆ.

ಕೊಳವೆಗಳ ಅಟ್ಟಿಗೆ ಮರಳುತ್ತೇನೆ, ಏಕೆಂದರೆ ಅದನ್ನು ನಾನು ಹತ್ತಿರದಿಂದ, ಬಹಳ ಹೊತ್ತು ನೋಡಿದ್ದೇನೆ. ಒಂದೊಂದು ಕೊಳವೆಯೂ 6 ಮೀಟರ್ ಉದ್ದ, 30 ಸೆಂಟಿಮೀಟರ್ ಅಡ್ಡಳತೆ. ಕೆಳಸಾಲಿನಲ್ಲಿ 14, ಅದರ ಮೇಲೆ 13, ಹೀಗೆ ಒಂದೊಂದೇ ಕಡಿಮೆಯಾಗುತ್ತಾ 9ನೆಯ ಸಾಲಿನಲ್ಲಿ 6. ಮೇಲಿನ ಕೊಳವೆ ಯಾವಾಗಲೂ ಕೆಳಗಿನ ಎರಡರ ನಡುವಿನ ತಗ್ಗಿನಲ್ಲಿ ಕೂರುತ್ತದೆ. ನೇರವಾಗಿ ಒಂದರ ತಲೆಯ ಮೇಲೆ ಇನ್ನೊಂದನ್ನು ಇಟ್ಟರೆ ಜಾಗದ ಸುಮಾರು 78.5 ಪ್ರತಿಶತ ಮಾತ್ರ ತುಂಬುತ್ತದೆ. ತಗ್ಗಿನಲ್ಲಿ ಕೂರಿಸಿದರೆ, ದೊಡ್ಡ ಅಟ್ಟಿಯಲ್ಲಿ, ಸುಮಾರು 90.7 ಪ್ರತಿಶತ ತುಂಬುತ್ತದೆ. ದುಂಡನೆಯ ಒಂದೇ ಅಳತೆಯ ವಸ್ತುಗಳನ್ನು ಇದಕ್ಕಿಂತ ಒತ್ತಾಗಿ ಸಾಲುಗೂಡಿಸಲು ಸಾಧ್ಯವಿಲ್ಲವೆಂದು ಗಣಿತ ಸಾಧಿಸಿ ತೋರಿಸಿದೆ. ಕೊಳವೆ ಪೇರಿಸುವವರಿಗೆ ಈ ಲೆಕ್ಕ ಬೇಕಾಗಿಲ್ಲ, ಕೊಳವೆಯೇ ಉರುಳಿ ತಗ್ಗಿಗೆ ಬೀಳುತ್ತದೆ. ಆದರೆ ತಗ್ಗಿನಲ್ಲಿ ಕೂತ ಪ್ರತಿ ಕೊಳವೆಯೂ ತನ್ನ ಕೆಳಗಿನ ಎರಡನ್ನು ಎರಡು ಪಕ್ಕಕ್ಕೆ ತಳ್ಳುತ್ತಿರುತ್ತದೆ, ಆ ತಳ್ಳಾಟವೆಲ್ಲ ಇಳಿಯುತ್ತಾ ಬಂದು ಕೆಳಸಾಲಿನ ಎರಡು ತುದಿಯ ಕೊಳವೆಗಳಲ್ಲಿ ಸೇರುತ್ತದೆ. ಅವನ್ನು ಹಿಡಿದಿರುವುದು ಮರದ ಬೆಣೆ. ನಾನು ನೋಡಿದ ಬೆಣೆ ಹಳೆಯ ಹಲಗೆಯಿಂದ ಕಡಿದದ್ದು. ಕೊಳವೆ ಒತ್ತಿದ ಕಡೆ ಮರದ ಎಳೆಗಳು ಜಜ್ಜಿ, ಕೊಳವೆಯ ಬಾಗಿಗೆ ತಕ್ಕಂತೆ ಒಂದು ನಯವಾದ ಗುಳಿ ಬಿದ್ದಿತ್ತು. ಅದರ ಪಕ್ಕದಲ್ಲಿ, ಸಾಲದೆಂದು ಆಮೇಲೆ ಯಾರೋ ಬಡಿದಿದ್ದ ಎರಡನೆಯ ಬೆಣೆ, ಅದರ ತಲೆಯ ಮೇಲೆ ಸುತ್ತಿಗೆಯ ಏಟಿನ ಗುರುತು. ಇಡೀ ಅಟ್ಟಿಯಲ್ಲಿ ಮನುಷ್ಯನ ಕೈ ಅತ್ಯಂತ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಅಲ್ಲಿಯೇ, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ.

ಬುಡ ಕಂಡರೆ ಎಣಿಸಲೂ ಬರುತ್ತದೆ. ಮೇಲಿನ ಸಾಲಿನ 6ಕ್ಕೆ ಕೆಳಸಾಲಿನ 14 ಕೂಡಿಸಿ, 9 ಸಾಲುಗಳಿಂದ ಗುಣಿಸಿ, ಅರ್ಧ ಮಾಡಿದರೆ 90. ಶಾಲೆಗೆ ಹೋಗುವ ಮಗು ಚಿತ್ರವನ್ನು ನೋಡಿಯೇ ಈ ಲೆಕ್ಕ ಮಾಡಬಲ್ಲದು. ಅಚ್ಚಾದ ಚಿತ್ರದಲ್ಲಿ ಹೀಗೆ ಎಣಿಸಿದರೆ 63 ಬರುತ್ತದೆ, 27 ಕೊಳವೆಗಳು ಕತ್ತರಿಗೆ ಹೋಗಿದ್ದವು. ನಾಲ್ಕೂ ಅಂಚುಗಳನ್ನು ಕತ್ತರಿಸಿದ ಚಿತ್ರಗಳಲ್ಲಿ ಅದೂ ಸಾಧ್ಯವಿಲ್ಲ. ಅಲ್ಲಿ ನೋಡುಗರಿಗೆ ಉಳಿಯುವುದು ‘ಬಹಳ’ ಎಂಬ ಭಾವ ಮಾತ್ರ. ‘ಬಹಳ’ ಎಂದರೆ ತೊಂಬತ್ತೂ ಆಗಬಹುದು, ಒಂಬತ್ತು ಲಕ್ಷವೂ ಆಗಬಹುದು. ಅಂಕಿಸಂಖ್ಯೆಗಳ ವರದಿಯ ಮೇಲೆ ಎಣಿಸಲಾಗದ ಚಿತ್ರವನ್ನು ಇಡುವುದು ನನಗೆ ಸರಿಯೆನಿಸುವುದಿಲ್ಲ.

ಅಟ್ಟಿಯ ಚಿತ್ರ ಹೊಸ ಶೋಕಿಯಲ್ಲ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಾಟ್ ತಾನು ಕಂಡುಹಿಡಿದ ಛಾಯಾಚಿತ್ರ ವಿಧಾನವನ್ನು ಜನರಿಗೆ ಪರಿಚಯಿಸಲು 1844ರಿಂದ 1846ರವರೆಗೆ ಕಂತುಕಂತಾಗಿ ಹೊರತಂದ ಪುಸ್ತಕದಲ್ಲಿ 24 ಚಿತ್ರಗಳಿವೆ. ಅವುಗಳಲ್ಲಿ ಒಂದು ಕಪಾಟಿನಲ್ಲಿ ಸಾಲುಸಾಲಾಗಿ ಇಟ್ಟ ಪಿಂಗಾಣಿ ಪಾತ್ರೆಗಳದು, ಇನ್ನೊಂದು ಹುಲ್ಲಿನ ಬಣವೆಯದು. ಪಿಂಗಾಣಿಯ ಚಿತ್ರದ ಜೊತೆಗೆ ಆತ ಬರೆದ ಮಾತು ಇಂದಿಗೂ ಹೊಸದಾಗಿದೆ: ವಸ್ತುಗಳು ಎಷ್ಟೇ ಇರಲಿ, ಅವುಗಳ ಜೋಡಣೆ ಎಷ್ಟೇ ಜಟಿಲವಾಗಿರಲಿ, ಕ್ಯಾಮೆರಾ ಎಲ್ಲವನ್ನೂ ಒಂದೇ ಸಲಕ್ಕೆ ಚಿತ್ರಿಸುತ್ತದೆ, ಮುಂದೆ ಕಳ್ಳನೊಬ್ಬ ಅವನ್ನು ಕದ್ದೊಯ್ದರೆ ಆ ಮೂಕ ಸಾಕ್ಷ್ಯವನ್ನು ನ್ಯಾಯಾಲಯದ ಮುಂದೆ ಇಡಬಹುದು. ಬಣವೆಯ ಚಿತ್ರದ ಜೊತೆಗೆ, ಯಾವ ಕಲಾವಿದನೂ ನಕಲು ಮಾಡುವ ಗೋಜಿಗೆ ಹೋಗದಷ್ಟು ಸಣ್ಣ ಸಣ್ಣ ವಿವರಗಳನ್ನು ಈ ವಿದ್ಯೆ ಹಿಡಿದಿಡುತ್ತದೆ ಎಂದು ಬರೆದ. ಆ ಬಣವೆಗೆ ಒಂದು ಏಣಿಯನ್ನು ಒರಗಿಸಲಾಗಿದೆ. ಏಣಿಯ ಮೆಟ್ಟಿಲುಗಳನ್ನು ನೋಡಿ ಬಣವೆಯ ಎತ್ತರವನ್ನು ನಾವು ಇವತ್ತಿಗೂ ಅಂದಾಜು ಮಾಡಬಹುದು. ಅಂದರೆ, ಛಾಯಾಚಿತ್ರ ಹುಟ್ಟಿದ ಹೊಸದರಲ್ಲಿಯೇ ಅಟ್ಟಿಯ ಚಿತ್ರಕ್ಕೆ ಎರಡು ಕೆಲಸಗಳನ್ನು ಒಪ್ಪಿಸಲಾಗಿತ್ತು, ಲೆಕ್ಕ ಇಡುವುದು ಮತ್ತು ಅಳತೆ ತೋರಿಸುವುದು. ನಾಲ್ಕೂ ಅಂಚು ಕತ್ತರಿಸಿದ ಚಿತ್ರ ಈ ಎರಡನ್ನೂ ಬಿಟ್ಟುಕೊಡುತ್ತದೆ.

ಬಿಟ್ಟುಕೊಟ್ಟು ಏನನ್ನು ಪಡೆಯುತ್ತದೆ ಎಂದರೆ, ವಿನ್ಯಾಸವನ್ನು. ಅದರ ಸೊಗಸನ್ನು ನಾನು ಅಲ್ಲಗಳೆಯುತ್ತಿಲ್ಲ. ಜರ್ಮನಿಯ ಆಲ್ಬರ್ಟ್ ರೆಂಗರ್‌ಪಾಟ್ಶ್ 1920ರ ದಶಕದಲ್ಲಿ ಫಾಗುಸ್ ಕಾರ್ಖಾನೆಯಲ್ಲಿ ತೆಗೆದ, ಪಾದರಕ್ಷೆ ತಯಾರಿಕೆಯಲ್ಲಿ ಬಳಸುವ ಇಸ್ತ್ರಿ ಕಬ್ಬಿಣಗಳ ಸಾಲುಗಳ ಚಿತ್ರವನ್ನು ನೋಡಿದ ಯಾರೂ ಅದನ್ನು ಸುಲಭವಾಗಿ ಮರೆಯಲಾರರು. 1928ರಲ್ಲಿ ಬಂದ ಆತನ ನೂರು ಚಿತ್ರಗಳ ಪುಸ್ತಕಕ್ಕೆ ‘ವಸ್ತುಗಳು’ ಎಂದು ಹೆಸರಿಡಬೇಕೆಂಬುದು ಆತನ ಬಯಕೆಯಾಗಿತ್ತು. ಹೊರಬಂದದ್ದು ‘ಜಗತ್ತು ಸುಂದರವಾಗಿದೆ’ ಎಂಬ ಹೆಸರಿನಲ್ಲಿ. ಈ ಎರಡು ಹೆಸರುಗಳ ನಡುವಿನ ಅಂತರದಲ್ಲಿ ಇಡೀ ವಾದವೇ ಅಡಗಿದೆ. 1931ರಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಛಾಯಾಚಿತ್ರದ ಚರಿತ್ರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇಂಥ ಸೌಂದರ್ಯವನ್ನು ಗಟ್ಟಿಯಾಗಿ ಪ್ರಶ್ನಿಸಿದ: ಇದು ಯಾವ ತಗಡಿನ ಡಬ್ಬಿಯನ್ನಾದರೂ ವಿಶ್ವದ ಎತ್ತರಕ್ಕೆ ಏರಿಸಬಲ್ಲದು, ಆದರೆ ಆ ಡಬ್ಬಿ ಬದುಕುವ ಮನುಷ್ಯ ಸಂಬಂಧಗಳಲ್ಲಿ ಒಂದನ್ನೂ ಹಿಡಿಯಲಾರದು. ಕಾರ್ಖಾನೆಯೊಂದರ ಛಾಯಾಚಿತ್ರ ಆ ಸಂಸ್ಥೆಯ ಬಗ್ಗೆ ಹೆಚ್ಚುಕಡಿಮೆ ಏನನ್ನೂ ತಿಳಿಸುವುದಿಲ್ಲ ಎಂಬ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟನ ಮಾತನ್ನೂ ಅಲ್ಲಿ ಉದಾಹರಿಸಿದ್ದಾನೆ. ಪ್ರಬಂಧದ ಕೊನೆಯಲ್ಲಿ ಆತ ಕೇಳುವುದು, ಅಡಿಬರಹವೇ ಛಾಯಾಚಿತ್ರದ ಅತ್ಯಂತ ಮುಖ್ಯ ಭಾಗವಾಗುವುದಿಲ್ಲವೇ ಎಂದು. ‘ಸಾಂದರ್ಭಿಕ ಚಿತ್ರ’ ಎಂಬ ಪದಗಳನ್ನು ಕಂಡಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ.

ವಿನ್ಯಾಸ ಮತ್ತು ವಿವರ ಒಟ್ಟಿಗೆ ಇರಲಾರವು ಎಂದು ಯಾರಾದರೂ ಹೇಳಿದರೆ, ಜರ್ಮನಿಯ ಛಾಯಾಗ್ರಾಹಕರಾದ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಯ ಕೆಲಸವನ್ನು ತೋರಿಸಬೇಕು. 1959ರಿಂದ ಒಟ್ಟಿಗೆ ಕೆಲಸ ಮಾಡಿದ ಈ ಇಬ್ಬರು ತೆಗೆದದ್ದು ಅಟ್ಟಿಗಳನ್ನಲ್ಲ, ನೀರಿನ ಗೋಪುರಗಳನ್ನು, ಕುಲುಮೆಗಳನ್ನು, ಗಣಿಯ ಎತ್ತುಗಂಬಗಳನ್ನು. ಆದರೆ ಒಂದೇ ಬಗೆಯ ರಚನೆಗಳ ಚಿತ್ರಗಳನ್ನು ಸಾಲುಸಾಲಾಗಿ ಜೋಡಿಸಿ ಗೋಡೆಗೆ ಹಾಕಿದಾಗ ಅದೂ ಒಂದು ಪೇರಿಕೆಯೇ ಆಗುತ್ತಿತ್ತು. ಮೋಡ ಕವಿದ ಬೂದು ಆಕಾಶದ ದಿನ, ದೊಡ್ಡ ಅಳತೆಯ ಫಿಲಂ ಕ್ಯಾಮೆರಾ, ನೇರ ಎದುರಿನ ನೋಟ, ಬುಡದಿಂದ ತುದಿಯವರೆಗೆ ಪೂರ್ತಿ ಆಕೃತಿ. ಕೆಳಗೆ ಇದು ಏನು, ಯಾವ ಊರಿನದು, ಯಾವ ವರ್ಷದ್ದು ಎಂಬ ಬರಹ. ಅಷ್ಟು ಶಿಸ್ತಿನಿಂದ ತೆಗೆದದ್ದರಿಂದಲೇ ಒಂದು ಗೋಪುರಕ್ಕೂ ಪಕ್ಕದ ಗೋಪುರಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಅವರು ಚಿತ್ರಿಸಿದ ಕಟ್ಟಡಗಳಲ್ಲಿ ಹಲವು ಈಗ ಇಲ್ಲ, ಚಿತ್ರ ಮತ್ತು ಆ ಒಂದು ಸಾಲು ಉಳಿದಿವೆ.

ಅಟ್ಟಿಯ ಬುಡದಲ್ಲಿ ಮನುಷ್ಯ ನಿಂತರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಗಂಭೀರವಾದ ಉದಾಹರಣೆ 1892ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ತೆಗೆದದ್ದು. ಗೊಬ್ಬರ ಮತ್ತು ಎಲುಬಿನ ಇದ್ದಿಲು ಮಾಡುವ ಕಾರ್ಖಾನೆಯೊಂದರ ಅಂಗಳದಲ್ಲಿ ಕಾಡೆಮ್ಮೆಯ ಜಾತಿಯ ಬೈಸನ್‌ಗಳ ತಲೆಬುರುಡೆಗಳನ್ನು ಗೋಡೆಯಂತೆ ಒಟ್ಟಿದ್ದಾರೆ. ತುದಿಯಲ್ಲಿ ಒಬ್ಬ ನಿಂತಿದ್ದಾನೆ, ಬುಡದಲ್ಲಿ ಒಬ್ಬ. ಆ ಇಬ್ಬರಿಲ್ಲದಿದ್ದರೆ, ಬುಡದ ನೆಲ ಕಾಣದಿದ್ದರೆ, ಅದು ಬೆಣಚುಕಲ್ಲುಗಳ ದಂಡೆಯಂತೆ ಕಂಡೀತು. ಕೆಳಗೆ ನಿಂತವನ ಎತ್ತರವನ್ನು ಅಳತೆಗೋಲು ಮಾಡಿಕೊಂಡು ಕಣ್ಣು ಮೇಲಕ್ಕೆ ಏರುತ್ತಾ ಹೋದಾಗ ಮಾತ್ರ, ಒಂದು ಕಾಲಕ್ಕೆ ಕೋಟಿಗಳಲ್ಲಿ ಇದ್ದ ಪ್ರಾಣಿ ಆ ಹೊತ್ತಿಗೆ ಕೆಲವೇ ನೂರಕ್ಕೆ ಇಳಿದಿತ್ತು ಎಂಬುದು ಎದೆಗೆ ತಾಕುತ್ತದೆ.

ಕೆನಡಾದ ಎಡ್ವರ್ಡ್ ಬರ್ಟಿನ್ಸ್ಕಿ 1999ರಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ಲಿಯಲ್ಲಿ ತೆಗೆದ ಹಳೆಯ ಟೈರುಗಳ ಬೆಟ್ಟದ ಚಿತ್ರಗಳಿಗೂ ಅಡಿಬರಹದಲ್ಲಿ ಸ್ಥಳ, ವರ್ಷ ಎರಡೂ ಇವೆ. ಅವು ಎಷ್ಟು ಮುಖ್ಯವೆಂಬುದು ಅದೇ ವರ್ಷ ಗೊತ್ತಾಯಿತು: ಸೆಪ್ಟೆಂಬರಿನಲ್ಲಿ ಸಿಡಿಲು ಬಡಿದು ಆ ಲಕ್ಷಾಂತರ ಟೈರುಗಳಿಗೆ ಬೆಂಕಿ ಹತ್ತಿತು, ಒಂದು ತಿಂಗಳವರೆಗೆ ಉರಿಯಿತು. ವರ್ಷವನ್ನು ತಿಳಿದ ಮೇಲೆ ಆ ಚಿತ್ರವನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಅಮೆರಿಕದ ಕ್ರಿಸ್ ಜೋರ್ಡನ್ 2007ರಲ್ಲಿ ಮಾಡಿದ ಪ್ಲಾಸ್ಟಿಕ್ ಬಾಟಲಿಗಳ ಚಿತ್ರದಲ್ಲಂತೂ ಸಂಖ್ಯೆಯೇ ವಿಷಯ. ಅದರಲ್ಲಿ 20 ಲಕ್ಷ ಬಾಟಲಿಗಳಿವೆ, ಅಮೆರಿಕದಲ್ಲಿ ಆಗ ಪ್ರತಿ ಐದು ನಿಮಿಷಕ್ಕೆ ಬಳಕೆಯಾಗುತ್ತಿದ್ದಷ್ಟು. ದೂರದಿಂದ ಅದು ಬಣ್ಣದ ಚುಕ್ಕಿಗಳ ಹಾಸು, ಹತ್ತಿರ ಹೋದರೆ ಒಂದೊಂದು ಬಾಟಲಿ. ಆ ಸಂಖ್ಯೆಯನ್ನು ತೆಗೆದುಹಾಕಿದರೆ ಅಲ್ಲಿ ಹಾಸು ಮಾತ್ರ ಉಳಿಯುತ್ತದೆ.

ಪುಟ ಕಟ್ಟುವವರ ಕಷ್ಟ ನನಗೆ ಅರ್ಥವಾಗುತ್ತದೆ. ಅಟ್ಟಿ ಎತ್ತರಕ್ಕಿರುತ್ತದೆ, ಪುಟದಲ್ಲಿ ಸಿಗುವ ಜಾಗ ಅಡ್ಡಕ್ಕಿರುತ್ತದೆ, ಏನನ್ನಾದರೂ ಬಿಡಲೇಬೇಕು. ಅಂಥ ಸಂದರ್ಭದಲ್ಲಿ ಮೇಲಿನ ಆಕಾಶವನ್ನು ಬಿಡಿ, ಬೇಕಿದ್ದರೆ ಒಂದು ಪಕ್ಕವನ್ನೂ ಬಿಡಿ. ಸಾಲು ಆ ಕಡೆಗೆ ಮುಂದುವರಿದಿದೆ ಎಂಬುದನ್ನು ಓದುಗರು ಊಹಿಸಿಕೊಳ್ಳುತ್ತಾರೆ. ಬುಡವನ್ನು ಮಾತ್ರ ಊಹಿಸಲಾಗದು. ಕಂಟೇನರುಗಳನ್ನೇ ತೆಗೆದುಕೊಳ್ಳಿ: ಪೇರಿಸಿದ ಕಂಟೇನರಿನ ಭಾರವನ್ನು ಹೊರುವುದು ಅಗಲವಾದ ಗೋಡೆಗಳಲ್ಲ, ನಾಲ್ಕು ಮೂಲೆಯ ಕಂಬಗಳು, ಒಂದರ ಮೂಲೆ ಇನ್ನೊಂದರ ಮೂಲೆಯ ಮೇಲೆಯೇ ಕೂರುತ್ತದೆ. ತೀರ ಕೆಳಗಿನದರ ಮೂಲೆಯನ್ನು ನೋಡದೆ ಅಷ್ಟು ದೊಡ್ಡ ಗೋಪುರ ನಾಲ್ಕು ಚಿಕ್ಕ ಉಕ್ಕಿನ ಗಟ್ಟಿಗಳ ಮೇಲೆ ನಿಂತಿದೆಯೆಂದು ತಿಳಿಯುವುದು ಹೇಗೆ? ಕಂಟೇನರುಗಳ ಮೈಮೇಲಿನ ನಾಲ್ಕು ಅಕ್ಷರ ಮತ್ತು ಏಳು ಅಂಕಿಗಳ ಗುರುತು ಸಂಖ್ಯೆಯೂ ಚಿತ್ರದಲ್ಲಿ ಓದುವಂತಿದ್ದರೆ ಒಳ್ಳೆಯದು. ಬಣ್ಣಬಣ್ಣದ ಚೌಕಗಳೆಂದು ನಾವು ನೋಡುವುದರಲ್ಲಿ ಪ್ರತಿಯೊಂದಕ್ಕೂ ಜಗತ್ತಿನಲ್ಲಿ ಬೇರೆ ಯಾವುದಕ್ಕೂ ಇಲ್ಲದ ಒಂದು ಹೆಸರಿದೆ.

ಬುಡವನ್ನು ಕತ್ತರಿಸಿ ಬರಿಯ ವಿನ್ಯಾಸವನ್ನು ಉಳಿಸಿಕೊಳ್ಳುವುದರಲ್ಲಿ ಅಚ್ಚಿನ ದೃಷ್ಟಿಯಿಂದಲೂ ಒಂದು ತೊಂದರೆ ಇದೆ. ಪತ್ರಿಕೆಯ ಚಿತ್ರ ಚುಕ್ಕಿಗಳಿಂದ ಆದದ್ದು. ಒಂದೇ ಅಂತರದಲ್ಲಿ ಮರುಕಳಿಸುವ ಸಣ್ಣ ಗೆರೆಗಳು ಆ ಚುಕ್ಕಿಗಳ ಜಾಲದೊಂದಿಗೆ ಸೇರಿದಾಗ, ವಸ್ತುವಿನಲ್ಲಿ ಇಲ್ಲದ ಅಲೆಗಳು ಕಾಗದದ ಮೇಲೆ ಮೂಡುತ್ತವೆ. ಕ್ಯಾಮೆರಾದ ಸೆನ್ಸರಿನಲ್ಲಿಯೂ ಇದೇ ಆಗುತ್ತದೆ. ಚಿತ್ರದ ತುಂಬ ಗೆರೆಗಳೇ ಇದ್ದರೆ ಅಲೆಗಳೂ ಚಿತ್ರದ ತುಂಬ. ನೆಲ, ಹುಲ್ಲು, ಬೆಣೆ, ಒಬ್ಬ ಮನುಷ್ಯ ಇದ್ದರೆ ಕಣ್ಣಿಗೆ ನಂಬಲು ಒಂದು ನೆಲೆಯಾದರೂ ಸಿಗುತ್ತದೆ.

ಪತ್ರಿಕೆಯವರನ್ನು ಮಾತ್ರ ಕೇಳಿ ಸುಮ್ಮನಾಗುವುದು ಸರಿಯಲ್ಲ, ಚಿತ್ರ ತೆಗೆಯುವ ನಮ್ಮ ಪಾಲೂ ಇದೆ. ಎಲ್ಲಿ ನಿಂತು ತೆಗೆಯುತ್ತೇವೆ ಎಂಬುದರ ಮೇಲೆ ಅಟ್ಟಿಯೇ ಬೇರೆಯಾಗುತ್ತದೆ. ಆ ಕೊಳವೆಗಳ ಎದುರಿಗೆ ಕೆಲವೇ ಮೀಟರ್ ದೂರದಲ್ಲಿ ನಿಂತಾಗ, ಕಣ್ಣಿನ ನೇರಕ್ಕಿದ್ದ ಒಂದು ಕೊಳವೆಯಲ್ಲಿ ಮಾತ್ರ ಆಚೆ ಬದಿಯ ಬೆಳಕು ದುಂಡಗೆ ಕಂಡಿತು. ಸುತ್ತಲಿನ ಐದಾರರಲ್ಲಿ ಅದು ಬಿದಿಗೆಯ ಚಂದ್ರನಷ್ಟಾಗಿ, ಅದರಾಚೆಯವು ಕತ್ತಲಾದವು, ಒಳಗೋಡೆಯ ಹೊಳಪು ಮಾತ್ರ ಉಳಿಯಿತು. ಹಿಂದೆ ಸರಿಯುತ್ತಾ 30 ಮೀಟರಿಗೆ ಹೋಗಿ ಉದ್ದದ ಲೆನ್ಸ್ ಹಾಕಿದಾಗ ಬಹುಪಾಲು ಕೊಳವೆಗಳು ಒಂದೊಂದಾಗಿ ಬೆಳಗಿದವು. ಮೊದಲಿನದು ನೋಡುವವನನ್ನು ನಡುವಿನಲ್ಲಿ ನಿಲ್ಲಿಸುವ ಚಿತ್ರ, ಎರಡನೆಯದು ಕೊಳವೆಗಳಿಗೆ ಸಮಪಾಲು ಕೊಡುವ ಚಿತ್ರ. ನಾನು ಎರಡನೆಯದನ್ನೇ ಕಳುಹಿಸಿದ್ದೆ. ದೂರ ನಿಲ್ಲುವುದರಿಂದ ಅಪಾಯವೂ ಕಡಿಮೆ: ಅಟ್ಟಿ ಎಷ್ಟು ಎತ್ತರವಿದೆಯೋ ಅದಕ್ಕಿಂತ ಹೆಚ್ಚು ದೂರ ಇರಬೇಕು, ಹತ್ತಬಾರದು, ಅಂದಕ್ಕೆಂದು ಒಂದನ್ನೂ ಎಳೆಯಬಾರದು, ಜರುಗಿಸಬಾರದು, ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲಿ ಟ್ರೈಪಾಡ್ ಹೂಡಬಾರದು. ತೆಗೆದ ಮೇಲೆ, ಅಲ್ಲಿಂದ ಹೊರಡುವ ಮೊದಲು, ಪೇರಿಸಿದವರನ್ನು ಮಾತಾಡಿಸಿ ಎಷ್ಟು, ಯಾವಾಗ, ಏಕೆ ಹೀಗೆ ಎಂದು ಕೇಳಿ ಬರೆದುಕೊಳ್ಳಬೇಕು. ಎಷ್ಟೋ ಸಲ ಅವರು ಹೇಳಿದ ಮೇಲೆಯೇ ನನಗೆ ಏನನ್ನು ನೋಡಬೇಕಾಗಿತ್ತು ಎಂದು ಹೊಳೆದು, ಮತ್ತೆ ಕ್ಯಾಮೆರಾ ತೆರೆದದ್ದುಂಟು. ಆ ಎರಡನೆಯ ಬೆಣೆಯನ್ನು ತೋರಿಸಿದವರೂ ಅಂಥ ಒಬ್ಬರೇ. ಮೊದಲ ಮಳೆಗೆ ನೆಲ ಸಡಿಲಾದಾಗ ರಾತ್ರಿ ಬಂದು ಅದನ್ನು ಬಡಿದದ್ದು ತಾನೇ ಎಂದು ಹೇಳಿದರು.

ಕೊಳವೆಗಳ ಆ ಚಿತ್ರದ ಪೂರ್ತಿ ಪ್ರತಿಯೊಂದನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಹೀಗೆ ಬರೆದಿದೆ: ‘ಸತುಲೇಪಿತ ಉಕ್ಕಿನ ಕೊಳವೆಗಳು, 90, ತಲಾ 6 ಮೀಟರ್. ಮಾರಾಟವಾಗದೆ ಎರಡು ಮಳೆಗಾಲ ಕಳೆದವು. ಕೆಳಗೆ ಬಲತುದಿಯಲ್ಲಿ ಎರಡು ಬೆಣೆ.’ ಪ್ರಕಟಿಸುವುದಾದರೆ ಈ ಸಾಲುಗಳನ್ನೂ ಜೊತೆಗೆ ಹಾಕಬೇಕೆಂದು ಕೋರುತ್ತೇನೆ. ಜಾಗ ಸಾಲದಿದ್ದರೆ ಮೇಲೆ ಸಾಕಷ್ಟು ಆಕಾಶವಿದೆ, ಅದನ್ನು ಕತ್ತರಿಸಿಕೊಳ್ಳಬಹುದು.

ವಂದನೆಗಳೊಂದಿಗೆ,

ನಿಮ್ಮ ಓದುಗ, ಹವ್ಯಾಸಿ ಛಾಯಾಗ್ರಾಹಕ